ತೊಟ್ಟಿಲ ಕುರಿ

ನಮ್ಮ ಮನೆಯಲ್ಲಿ ಕುರಿಗಳಿಗೆ ಇದ್ದಷ್ಟು ಜಾಗ ಮನುಷ್ಯರಿಗೆ ಇರಲಿಲ್ಲ. ಕುಷ್ಟಗಿಯಿಂದ ಯಲಬುರ್ಗಾ ಕಡೆ ಹೋಗುವ ದಾರಿಯಲ್ಲಿ, ಕೈ ಮಾಡಿದರಷ್ಟೇ ಬಸ್ಸು ನಿಲ್ಲುವ ಊರಿನ ಕಟ್ಟಕಡೆಯ ಮನೆ ನಮ್ಮದು. ತಲೆಬಾಗಿಲು ದಾಟಿದರೆ ಮೊದಲು ಸಿಗುತ್ತಿದ್ದದ್ದು ಮರಿಗಳ ಕೋಣೆ. ಅಲ್ಲಿಂದ ಎರಡು ಮೆಟ್ಟಿಲು ಹತ್ತಿದರೆ ಪಡಸಾಲೆ, ಅದರ ಹಿಂದೆ ಅಡುಗೆಮನೆ, ಅಡುಗೆಮನೆಯ ಮೂಲೆಯಲ್ಲಿ ದೇವರ ಜಗಲಿ. ಮೇಲೆ ಮಣ್ಣಿನ ಮಾಳಿಗೆ, ಅದರ ನಡುವೆ ಒಂದು ಬೆಳಕಿಂಡಿ. ಮನುಷ್ಯರ ಪಾಲು ಅಷ್ಟಕ್ಕೆ ಮುಗಿಯಿತು. ಮನೆಯ ಎಡಕ್ಕೆ, ಮನೆಗಿಂತ ಎಷ್ಟೋ ಪಟ್ಟು ಅಗಲಕ್ಕೆ, ಜಾಲಿಮುಳ್ಳಿನ ಬೇಲಿ ಹಾಕಿದ ಹಟ್ಟಿ ಇತ್ತು. ಹಿಂಡು ಮಲಗುವುದು ಅಲ್ಲಿ. ಮಳೆ ಜೋರಾದಾಗ ಮುದಿ ಕುರಿಗಳು ಪಡಸಾಲೆಗೂ ಬರುತ್ತಿದ್ದವು. ಆಗ ನಾವು ಹಾಸಿಗೆ ಸುತ್ತಿಕೊಂಡು ಅಡುಗೆಮನೆಗೆ ಸರಿಯುತ್ತಿದ್ದೆವು. ಇಷ್ಟು ಸಣ್ಣ ಮನೆಯಲ್ಲಿ ಹೇಗೆ ಇರುತ್ತೀರಿ ಎಂದು ಬೀಗರು ಯಾರಾದರೂ ಕೇಳಿದರೆ ನನ್ನ ಆಯಿ, ಎಂದರೆ ಅಪ್ಪನ ತಾಯಿ, ಉಣ್ಣೆ ನೂಲುವ ಕೈ ನಿಲ್ಲಿಸದೆ ಹೇಳುತ್ತಿದ್ದಳು:

“ಮನಿ ಕುರೀದ್ರಿ. ನಾವು ಬಾಡಿಗಿಗೆ ಅದೀವಿ.”

ಅವಳು ತಮಾಷೆಗೆ ಹೇಳುತ್ತಿರಲಿಲ್ಲ. ನಮ್ಮ ವರ್ಷ, ನಮ್ಮ ಊಟ, ನಮ್ಮ ಜಗಳ ಎಲ್ಲವೂ ಕುರಿಯ ಕಾಲಿನ ಹಿಂದೆ ನಡೆಯುತ್ತಿದ್ದವು. ದೀಪಾವಳಿಯಲ್ಲಿ ಹಟ್ಟಿಯ ಪೂಜೆ ಮುಗಿದದ್ದೇ ಅಪ್ಪ ಮತ್ತು ದೊಡ್ಡಪ್ಪ ಹಿಂಡನ್ನು ಹೊಡೆದುಕೊಂಡು ಗಂಗಾವತಿ ಸೀಮೆಗೆ ಹೊರಡುತ್ತಿದ್ದರು. ಅಲ್ಲಿ ಕಾಲುವೆ ನೀರಿನ ಭತ್ತ ಕೊಯ್ದ ಗದ್ದೆಗಳಲ್ಲಿ ಹಿಂಡು ಮೇಯುತ್ತಿತ್ತು. ರಾತ್ರಿ ಒಬ್ಬೊಬ್ಬ ರೈತನ ಗದ್ದೆಯಲ್ಲಿ ಕುರಿ ನಿಲ್ಲಿಸಿದರೆ ಗದ್ದೆಗೆ ಗೊಬ್ಬರ ಸಿಗುತ್ತಿತ್ತು, ನಮಗೆ ಕಾಳು ಸಿಗುತ್ತಿತ್ತು. ಸಂಕ್ರಾಂತಿ ಕಳೆದು ಅಲ್ಲಿ ಎರಡನೆಯ ಬೆಳೆಗೆ ನಾಟಿ ಶುರುವಾಯಿತೆಂದರೆ ಹಿಂಡು ನಮ್ಮ ಎರೆಭೂಮಿಗೆ ವಾಪಸು. ಗಂಡಸರು ಇಲ್ಲದ ಆ ತಿಂಗಳುಗಳಲ್ಲಿ ನಡೆಯಲಾರದ ಕುರಿಗಳು, ಎಳೆಯ ಮರಿಗಳು ಮತ್ತು ಹೆಂಗಸರು ಮನೆಯಲ್ಲಿ ಉಳಿಯುತ್ತಿದ್ದೆವು. ಆಗ ನಾವು ಒಲೆಯ ಸುತ್ತ ಕುಳಿತು ಪರಾತ ಎನ್ನುವ ಒಂದೇ ಅಗಲ ತಟ್ಟೆಯಿಂದ ಉಣ್ಣುತ್ತಿದ್ದೆವು. ಅವ್ವ ಬಿಸಿ ರೊಟ್ಟಿಯನ್ನು ಹೆಂಚಿನಿಂದ ನೇರ ನನ್ನ ಕೈಗೆ ಹಾಕುತ್ತಿದ್ದಳು, ಆಯಿ ಪುಂಡಿಪಲ್ಯದಲ್ಲಿ ರೊಟ್ಟಿ ಅದ್ದಿಕೊಂಡು ಊರವರ ಸುದ್ದಿ ಹೇಳಿ ನಗಿಸುತ್ತಿದ್ದಳು. ಗಂಡಸರು ಬಂದ ದಿನ ಪರಾತ ಗೂಟಕ್ಕೆ ಹೋಗುತ್ತಿತ್ತು. ಅವರು ಪಡಸಾಲೆಯಲ್ಲಿ ಉಂಡೆದ್ದ ಮೇಲೆ ನಮ್ಮ ಸರದಿ. ಅವ್ವನ ದನಿಯೇ ಬೇರೆಯಾಗುತ್ತಿತ್ತು. ಸ್ವಂತ ಮನೆಯಲ್ಲಿ ದನಿ ತಗ್ಗಿಸುವುದು ನನಗೆ ಆಗಲೂ ಹಿಡಿಸುತ್ತಿರಲಿಲ್ಲ.

ದೊಡ್ಡಪ್ಪ ಎಂದರೆ ಅಪ್ಪನ ಅಣ್ಣ, ಬಾಳಪ್ಪ. ಅವನ ಹೆಂಡತಿ ಬಹಳ ಹಿಂದೆಯೇ ತೀರಿಹೋಗಿದ್ದಳು. ಮಕ್ಕಳಿರಲಿಲ್ಲ. ಹಿಂಡೇ ಅವನ ಸಂಸಾರ, ಹಿಂಡಿನ ಮಾತೇ ಮನೆಯಲ್ಲಿ ಕೊನೆಯ ಮಾತು. ಕೆಟ್ಟವನಲ್ಲ. ಕುಂಟುವ ಮರಿಯನ್ನು ಹರದಾರಿಗಟ್ಟಲೆ ಹೆಗಲ ಮೇಲೆ ಹೊತ್ತು ಬರುವವನು. ಆದರೆ ಮನುಷ್ಯರನ್ನೂ ಹಿಂಡಿನ ಹಾಗೆಯೇ ಎಣಿಸುತ್ತಿದ್ದ. ಯಾರು ಎಲ್ಲಿ ಮೇಯಬೇಕು, ಯಾರನ್ನು ಯಾರ ಜೊತೆ ಬಿಡಬೇಕು ಎಂಬುದು ಅವನ ಲೆಕ್ಕ. ಅಪ್ಪ ಆ ಲೆಕ್ಕಕ್ಕೆ ಎಂದೂ ಎದುರು ಹೇಳಿದವನಲ್ಲ.

ಮರಿಗಳ ಕೋಣೆ ನನ್ನದು. ಆರು ವರ್ಷದವಳಿದ್ದಾಗಿನಿಂದ ಅದು ನನ್ನ ಕೆಲಸ. ಬೆಳಗ್ಗೆ ಹಿಂಡು ಹೊರಡುವ ಮುಂಚೆ ಮರಿಗಳನ್ನು ತಾಯಂದಿರ ಹತ್ತಿರ ಬಿಡಬೇಕು, ಕುಡಿದಾದ ಮೇಲೆ ಹಿಡಿದು ತರಬೇಕು, ತೀರ ಎಳೆಯವನ್ನು ಬುಟ್ಟಿ ಬೋರಲು ಹಾಕಿ ಮುಚ್ಚಬೇಕು, ಹಿಕ್ಕೆ ಗುಡಿಸಿ ತಿಪ್ಪೆಗೆ ಒಯ್ಯಬೇಕು. ಸಂಜೆ ಹಿಂಡು ಬಂದಾಗ ಮತ್ತೆ ಅದೇ. ಸಂಜೆಯ ಆ ಗದ್ದಲದಲ್ಲಿ ಯಾವ ಮರಿ ಯಾವ ಕುರಿಯದು ಎಂದು ಕೂಗಿನಿಂದಲೇ ಗೊತ್ತಾಗುತ್ತಿತ್ತು. ಯಾರೂ ಕಲಿಸಿದ್ದಲ್ಲ. ಆ ಕೋಣೆಯ ವಾಸನೆ ನನ್ನ ಲಂಗಕ್ಕೆ, ಜಡೆಗೆ, ಪುಸ್ತಕಕ್ಕೆ ಹತ್ತಿತ್ತು. ಸಾಲೆಯಲ್ಲಿ ನನ್ನ ಪಕ್ಕ ಕೂಡುವ ಹುಡುಗಿಯರು ದುಪಟ್ಟಾದ ತುದಿ ಮೂಗಿಗೆ ಹಿಡಿಯುತ್ತಿದ್ದರು. ನಾನು ಬಾವಿಕಟ್ಟೆಯ ಮೇಲೆ ಕುಳಿತು ಬಟ್ಟೆಯ ಸಾಬೂನಿನಿಂದ ಕೈ ಉಜ್ಜಿ ಉಜ್ಜಿ ಚರ್ಮ ಸುಲಿದುಕೊಳ್ಳುತ್ತಿದ್ದೆ. ಒಂದು ದಿನ ಈ ಕೋಣೆಯಿಂದ ಹೊರಗೆ ಹೋಗುತ್ತೇನೆ, ಹೋದ ಮೇಲೆ ತಿರುಗಿ ನೋಡುವುದಿಲ್ಲ ಎಂದು ನಿರ್ಧಾರ ಮಾಡಿದ್ದೆ. ಹೊರಗೆ ಹೋಗುವ ಬಾಗಿಲು ಹತ್ತನೆಯ ಇಯತ್ತೆ ಎಂದು ನಂಬಿದ್ದೆ.

ಹತ್ತನೆಯದರಲ್ಲಿ ನಪಾಸಾದೆ. ಗಣಿತ. ಮತ್ತೆ ಕಟ್ಟಿ ಬರೆದೆ, ಮತ್ತೆ ಹೋಯಿತು. ನನ್ನ ಜೊತೆ ಓದಿದ ಇಬ್ಬರು ಹುಡುಗಿಯರು ಕುಷ್ಟಗಿಯ ಕಾಲೇಜಿಗೆ ಬಸ್ಸು ಹತ್ತಿದರು. ನಾನು ಹಿಕ್ಕೆ ಬುಟ್ಟಿ ಹೊತ್ತು ತಿಪ್ಪೆಗೆ ನಡೆಯುವ ಹೊತ್ತು, ಅವರ ಬಸ್ಸು ಧೂಳೆಬ್ಬಿಸಿಕೊಂಡು ಹೋಗುವ ಹೊತ್ತು, ಎರಡೂ ಒಂದೇ. ಮೊದಮೊದಲು ಕೈ ಬೀಸುತ್ತಿದ್ದರು. ಆಮೇಲೆ ಬಿಟ್ಟರು. ಆಮೇಲೆ ನಾನೇ ಬಸ್ಸಿನ ಹೊತ್ತು ತಪ್ಪಿಸಿ ತಿಪ್ಪೆಗೆ ಹೋಗುವುದನ್ನು ಕಲಿತೆ.

ನಾನು ಹೇಳಹೊರಟಿರುವುದು ಅದರ ಮರುವರ್ಷದ ವಸಂತದ ಮಾತು. ಶಿವರಾತ್ರಿ ಕಳೆದಿತ್ತು. ಚಳಿ ಶಿವಶಿವಾ ಎನ್ನುತ್ತ ಹೋಗಿತ್ತು. ಬಿಳಿಜೋಳ ಕೊಯ್ದ ಹೊಲಗಳು ಕೂಳೆ ಬಿಟ್ಟುಕೊಂಡು ಬೋಳಾಗಿದ್ದವು, ಕಡಲೆ ಕಿತ್ತು ಕಣಕ್ಕೆ ಬಂದಿತ್ತು. ಮುಂಜಾನೆ ಕಂಬಳಿ ಬೇಕು, ಮಧ್ಯಾಹ್ನ ನೆರಳು ಬೇಕು, ಅಂಥ ದಿನಗಳು. ಜಾಲಿಮರಗಳ ತುಂಬ ಕಾಯಿ. ಅಪ್ಪ ಉದ್ದನೆಯ ಕೋಲಿನಿಂದ ಟೊಂಗೆ ಅಲುಗಿಸಿದರೆ ಕಾಯಿ ಉದುರಿ, ಕುರಿಗಳು ಒಂದರ ಮೇಲೊಂದು ಬಿದ್ದು ಕರಕರ ತಿನ್ನುತ್ತಿದ್ದವು. ಆ ಕಾಲದಲ್ಲಿ ಕುರಿಯ ಹಾಲಿಗೂ ಜಾಲಿಕಾಯಿಯ ಒಗರು ಬರುತ್ತಿತ್ತು. ಪಡಸಾಲೆಯಲ್ಲಿ ಹುಣಸೆಹಣ್ಣಿನ ರಾಶಿ. ಅವ್ವ ಮತ್ತು ನಾನು ದಿನವಿಡೀ ಬೀಜ ಬಿಡಿಸುತ್ತಿದ್ದೆವು. ಹಣ್ಣು ವರ್ಷದ ಸಾರಿಗೆ, ಬೀಜದ ಗಂಜಿ ಕಂಬಳಿಗೆ. ಹಟ್ಟಿಯ ಮುಂದಿನ ಬೇವು ಎಲ್ಲ ಎಲೆ ಉದುರಿಸಿ ಕೆಂಪು ಚಿಗುರು ತೊಟ್ಟು ನಿಂತಿತ್ತು. ಅದನ್ನು ನೋಡಿದರೆ ನನಗೆ ಸಿಟ್ಟು ಬರುತ್ತಿತ್ತು. ಮರಕ್ಕೆ ಹೊಸ ವರ್ಷ, ಮರಿಗಳಿಗೆ ಹೊಸ ಕೊಂಬು, ನನಗೆ ಮಾತ್ರ ಅದೇ ಬುಟ್ಟಿ, ಅದೇ ತಿಪ್ಪೆ. ಹದಿನೇಳು ನಡೆಯುತ್ತಿತ್ತು. ಕೆಸರಿನಲ್ಲಿ ಹೂತ ಬಂಡಿಯನ್ನಾದರೂ ನಾಲ್ಕು ಜನ ನೂಕುತ್ತಾರೆ. ನಾನು ಹೂತುಹೋಗಿದ್ದೇನೆ ಎಂಬುದೇ ಮನೆಯಲ್ಲಿ ಯಾರಿಗೂ ಕಾಣುತ್ತಿರಲಿಲ್ಲ.

ಕಂಡದ್ದು ದೊಡ್ಡಪ್ಪನಿಗೆ, ಅವನದೇ ರೀತಿಯಲ್ಲಿ. ಸಿದ್ದಾಪುರದ ಬಳಿ ಅವನು ವರ್ಷವರ್ಷ ಕುರಿ ನಿಲ್ಲಿಸುತ್ತಿದ್ದ ಗದ್ದೆಯ ಮನೆತನ ಒಂದಿತ್ತು. ಅವರೂ ನಮ್ಮವರೇ, ಎರಡು ತಲೆಮಾರಿನ ಹಿಂದೆ ಕುರಿ ಮಾರಿ ಗದ್ದೆ ಹಿಡಿದವರು. ಅವರ ಮಗನಿಗೆ ಹೆಣ್ಣು ಹುಡುಕುತ್ತಿದ್ದರು. ದೊಡ್ಡಪ್ಪ ಆ ವರ್ಷ ಅಲ್ಲಿಂದ ಹೊರಡುವಾಗ ಅರ್ಧ ಮಾತು ಕೊಟ್ಟೇ ಬಂದಿದ್ದ. ನನ್ನನ್ನು ಕೊಟ್ಟರೆ ಹುಡುಗಿಗೆ ಒಂದು ನೆಲೆ, ಹಿಂಡಿಗೆ ಕಾಯಮ್ಮಾಗಿ ಒಂದು ಗದ್ದೆ. ಮೇವಿಗಾಗಿ ಇನ್ನೊಬ್ಬರ ಬಾಗಿಲು ಕಾಯಬೇಕಾಗಿರಲಿಲ್ಲ. ಅವನ ಲೆಕ್ಕದಲ್ಲಿ ಇದರಲ್ಲಿ ಯಾರಿಗೂ ಲುಕ್ಸಾನು ಇರಲಿಲ್ಲ.

ಅವರು ನೋಡಲು ಬಂದ ದಿನ ಅವ್ವ ತನ್ನ ಇಳಕಲ್ ಸೀರೆಯನ್ನು ನನಗೆ ಉಡಿಸಿದಳು. ಮರಿಗಳ ಕೋಣೆಯನ್ನು ಎರಡು ಸಲ ಸಾರಿಸಿ, ಊದಿನಕಡ್ಡಿ ಹಚ್ಚಿಟ್ಟಿದ್ದಳು. ಹುಡುಗನ ತಾಯಿ, ಸೋದರಮಾವ ಮತ್ತು ಹುಡುಗ ಬಂದರು. ಹುಡುಗ ತಲೆ ಎತ್ತಲಿಲ್ಲ. ಅವನ ಬಗ್ಗೆ ಇಂದಿಗೂ ನನಗೆ ಯಾವ ದೂರೂ ಇಲ್ಲ. ನಾನು ಮಂಡಕ್ಕಿ ಒಗ್ಗರಣೆ, ಮಿರ್ಚಿ, ಚಹಾ ತಂದಿಟ್ಟೆ. ಅಕ್ಕಿ ಬಸಿಯಲು ಬರುತ್ತದೆಯೇ, ನಾಟಿ ಹಚ್ಚಿದ್ದೀಯಾ ಎಂದು ಅವನ ತಾಯಿ ಕೇಳಿದಳು. ನಮ್ಮಲ್ಲಿ ಅನ್ನ ಎಂದರೆ ಹಬ್ಬ, ಆದರೂ ಬರುತ್ತದೆ ಎಂದೆ. ಆಕೆ ಸೆರಗನ್ನು ಮೂಗಿನ ಹತ್ತಿರ ತಂದು, ಅವ್ವನ ಕಡೆ ತಿರುಗಿ, ನಗುತ್ತಲೇ ಹೇಳಿದಳು:

“ಹುಡುಗಿ ಛಲೋ ಅದಾಳ್ರಿ. ಈ ಕುರಿ ನಾತ ಅಷ್ಟ ಹೋಗಬೇಕು. ನಮ್ಮ ಕಾಲುವಿ ನೀರಾಗ ಒಂದು ವರ್ಷ ಜಳಕ ಮಾಡಿದ್ರ ಹೋಗ್ತೈತಿ ಬಿಡ್ರಿ.”

ಅವ್ವ ನಕ್ಕಳು. ಅಪ್ಪನೂ ನಕ್ಕ. ಕೈ ಸುಲಿಯುವಷ್ಟು ಸಾಬೂನು ತಿಕ್ಕಿದವಳು ನಾನು. ಆ ಮಾತಿಗೆ ಎಲ್ಲರಿಗಿಂತ ಮೊದಲು ತಲೆಯಾಡಿಸಬೇಕಾದವಳು ನಾನೇ ಆಗಿದ್ದೆ. ಆದರೆ ಅವ್ವನ ಆ ನಗು ನೋಡಿದೆ. ಹಲ್ಲು ಕಾಣದಂತೆ, ತಪ್ಪು ಮಾಡಿ ಸಿಕ್ಕಿಬಿದ್ದವರ ಹಾಗೆ ನಕ್ಕಿದ್ದಳು. ಎರಡು ಸಲ ಸಾರಿಸಿದ ಅವಳ ಕೈ ಇನ್ನೂ ಒದ್ದೆಯಾಗಿತ್ತು. ನನ್ನೊಳಗೆ ಏನೋ ತಿರುಗಿ ನಿಂತಿತು.

“ಹೋಗಂಗಿಲ್ರಿ ಅದು,” ಎಂದೆ.

ಮರಿಯೊಂದು ಬುಟ್ಟಿಯೊಳಗಿಂದ ಕೂಗಿತು. ಸೋದರಮಾವ ಕೆಮ್ಮಿ, ಹುಡುಗಿ ಚುರುಕು ಇದ್ದಾಳೆ ಎಂದು ಮಾತು ತೇಲಿಸಿದ. ಅವರು ಬೇಡವೆನ್ನಲಿಲ್ಲ. ಹೊರಡುವಾಗ, ಯುಗಾದಿ ಆದ ಮೇಲೆ ಒಂದು ಒಳ್ಳೆಯ ದಿನ ನೋಡೋಣ ಎಂದು ಹೇಳಿಯೇ ಹೋದರು. ಒಂದು ಮಾತಿಗೆ ಮುರಿದುಬೀಳುವ ಸಂಬಂಧವಲ್ಲ ಅದು. ಹಾಗಾಗಿ ಇನ್ನೂ ಹೆಚ್ಚು ಮಾತಾಡಬೇಕಾಯಿತು.

ಇಲ್ಲಿ ಅಕ್ಕನ ವಿಷಯ ಹೇಳಬೇಕು. ಅಕ್ಕ ಗಂಗವ್ವ ನನಗಿಂತ ನಾಲ್ಕು ವರ್ಷ ದೊಡ್ಡವಳು. ಅವಳನ್ನು ಶ್ರೀರಾಮನಗರದ ಹತ್ತಿರದ ಹಳ್ಳಿಗೆ ಕೊಟ್ಟಿದ್ದರು. ಮದುವೆ ಬೇಡವೆಂದು ಅವಳು ಊಟ ಬಿಟ್ಟು ಮಲಗಿದ್ದಳು. ಎರಡು ದಿನ ಎಲ್ಲರೂ ಬೇಡಿಕೊಂಡರು, ಮೂರನೆಯ ದಿನ ಬೇಡಿಕೊಳ್ಳುವುದನ್ನು ನಿಲ್ಲಿಸಿದರು. ಹಸಿವಾಗಿ ಎದ್ದು ಉಂಡಳು. ಉಂಡದ್ದೇ ಒಪ್ಪಿಗೆಯಾಯಿತು. ನಮ್ಮಲ್ಲಿ ಒಂದು ಪದ್ಧತಿ ಇತ್ತು. ಹೆಣ್ಣುಕೂಸನ್ನು ತೊಟ್ಟಿಲಿಗೆ ಹಾಕಿ ಹೆಸರಿಡುವ ದಿನ, ತೊಟ್ಟಿಲ ಕಾಲಿಗೆ ಒಂದು ಹೆಣ್ಣುಮರಿಯನ್ನು ಕಟ್ಟಬೇಕು. ಆ ಮರಿ ಕೂಸಿನದು. ಅದು ಈದ ಮರಿ, ಆ ಮರಿಯ ಮರಿ, ಎಲ್ಲವೂ ಕೂಸಿನವು. ಅಕ್ಕನಿಗೂ ಕಟ್ಟಿದ್ದರು, ನನಗೂ ಕಟ್ಟಿದ್ದರು. ನನ್ನದು ಕಿವಿ ಮೋಟಾದ ಮರಿ, ಅದಕ್ಕೆ ಮೋಟಿ ಎಂದೇ ಹೆಸರು. ಸಣ್ಣವಳಿದ್ದಾಗ ‘ನನ್ನ ಮೋಟಿ ಅವಳಿ ಹಾಕಿತು’ ಎಂದು ನಾನು ಓಣಿಯೆಲ್ಲ ಸಾರಿ ಬರುತ್ತಿದ್ದೆ. ಹಿರಿಯರು ಪ್ರೀತಿಯಿಂದ ನಗುತ್ತಿದ್ದರು. ಮದುವೆಯ ದಿನ ಅಕ್ಕ ಟೆಂಪೋ ಹತ್ತಿ ಹೋದಳು. ಅವಳ ಕುರಿಗಳು ಹಟ್ಟಿಯಲ್ಲೇ ಉಳಿದವು. ಯಾರೂ ಕೊಡಲಿಲ್ಲ, ಯಾರೂ ಕೇಳಲಿಲ್ಲ. ಪದ್ಧತಿ ತೊಟ್ಟಿಲಿಗೆ ಮಾತ್ರ, ಹೊಸ್ತಿಲಿಗೆ ಅಲ್ಲ ಎಂದು ನನಗೆ ತಿಳಿದದ್ದು ಆ ದಿನ.

ಬೀಗರು ಹೋದ ಸಂಜೆ ದೊಡ್ಡಪ್ಪ ಮತ್ತು ಅಪ್ಪ ಊಟಕ್ಕೆ ಕುಳಿತರು. ನಾನು ಗೂಟದಲ್ಲಿದ್ದ ಪರಾತ ಇಳಿಸಿಕೊಂಡು ಪಡಸಾಲೆಗೆ ಬಂದು ಅವರ ಎದುರು ಕುಳಿತೆ. ರೊಟ್ಟಿ ಹಾಕು ಎಂದು ಅವ್ವನಿಗೆ ಹೇಳಿದೆ. ಅವ್ವ ಹೆಂಚಿನ ಮುಂದೆ ಹಾಗೇ ನಿಂತಳು. ಆಯಿ ಎದ್ದು ಬಂದು ಎರಡು ರೊಟ್ಟಿ, ಹಸಿಖಾರ, ಮಜ್ಜಿಗೆ ಬಡಿಸಿ ಹೋದಳು. ಉಪವಾಸ ಬೀಳುವವರು ಸೋಲುತ್ತಾರೆ ಎಂದು ಅಕ್ಕನನ್ನು ನೋಡಿ ಕಲಿತಿದ್ದೆ. ಹೊಟ್ಟೆ ತುಂಬ ಉಂಡು, ಕೈ ತೊಳೆಯುವ ಮೊದಲೇ, ನಾನು ಸಿದ್ದಾಪುರಕ್ಕೆ ಹೋಗುವುದಿಲ್ಲ ಎಂದು ಹೇಳಿದೆ. ಮಾತು ಕೊಟ್ಟಾಗಿದೆ ಎಂದ ದೊಡ್ಡಪ್ಪ. ಕೊಟ್ಟದ್ದು ನಿನ್ನ ಮಾತು, ನನ್ನದಲ್ಲ ಎಂದೆ. ಅವನು ಕೈಯಲ್ಲಿದ್ದ ರೊಟ್ಟಿಯ ಚೂರನ್ನು ತಾಟಿನಲ್ಲಿ ಇಟ್ಟ. ಆಮೇಲೆ ಬೇಸರದಿಂದ, ಸಿಟ್ಟಿಲ್ಲದೆ, ಕೇಳಿದ:

“ಒಬ್ಬಾಕಿ ಹುಡುಗಿ ಸಲುವಾಗಿ ಹಿಂಡೆಲ್ಲಾ ಉಪವಾಸ ಕೆಡವಲೇನು?”

“ಹಿಂಡಿನ ಸಲುವಾಗಿ ಹುಡುಗೀನ ಕೊಡ್ತೀಯೇನು?”

ಅಪ್ಪ ತಾಟಿನಲ್ಲಿ ಬೆರಳಾಡಿಸುತ್ತಿದ್ದ. ಒಳಗಿನಿಂದ ಅವ್ವ ಬಂದಳು. ದೊಡ್ಡಪ್ಪನ ಮಾತಿಗಿಂತ ಅವಳ ಮಾತು ನನಗೆ ಹೆಚ್ಚು ನಾಟಿತು. ತನ್ನ ಎರಡು ಅಂಗೈಗಳನ್ನು ನನ್ನ ಮುಖದ ಮುಂದೆ ಹಿಡಿದಳು. ರೊಟ್ಟಿ ಬಡಿದು ಬಡಿದು ಗೆರೆಗಳೆಲ್ಲ ಅಳಿಸಿ, ಬೆಂಕಿಗೆ ಗಟ್ಟಿಯಾದ ಅಂಗೈಗಳು.

“ನೋಡಿಲ್ಲಿ. ನಿನ್ನ ಕೈಯರ ಹಿಂಗ ಆಗಬಾರದು ಅಂತ ಮಾಡೀನಿ. ಅಲ್ಲಿ ಅನ್ನ ಬಸದ್ರ ಮುಗೀತು. ಇಲ್ಲಿದ್ದು ಏನ ಮಾಡ್ತೀ? ಹಿಕ್ಕಿ ಬಳೀತೀಯೇನು ಸಾಯೋತನಕ?”

ಹಿಕ್ಕೆ ಬಳಿಯುವುದನ್ನು ನಾನೂ ದ್ವೇಷಿಸುತ್ತಿದ್ದೆ. ಇಲ್ಲಿ ಇರುವುದೂ ಬೇಡ, ಅವರು ಹೇಳಿದಲ್ಲಿಗೆ ಹೋಗುವುದೂ ಬೇಡ. ಅಷ್ಟು ಮಾತ್ರ ಗೊತ್ತಿತ್ತು. ಬೇಡ ಎನ್ನುವುದೇ ಒಂದು ಉತ್ತರವಾಗಲಾರದು ಎಂದು ಅವ್ವನ ಕೈ ನೋಡಿದಾಗ ಅನ್ನಿಸಿತು. ಏನಾದರೂ ನನ್ನದು ಎಂಬುದು ಬೇಕು. ಅದನ್ನು ನೆಲದ ಮೇಲೆ ಇಟ್ಟು ತೋರಿಸಬೇಕು. ಮೋಟಿ ಸತ್ತು ಆಗಲೇ ಕೆಲವು ವರ್ಷ ಕಳೆದಿದ್ದವು. ಆದರೆ ಅದರ ಸಂತಾನ ಹಟ್ಟಿಯಲ್ಲಿತ್ತು.

ಮರುದಿನ ಬೆಳಗ್ಗೆ ಹಿಂಡು ಹೊರಡುವ ಹೊತ್ತಿಗೆ ನಾನು ಹಟ್ಟಿಯ ಬಾಯಿಗೆ ಅಡ್ಡ ನಿಂತೆ. ಬಿಸಿಲು ಇನ್ನೂ ಬೇವಿನ ನೆತ್ತಿಯ ಮೇಲೆ ಮಾತ್ರ ಇತ್ತು. ನನ್ನ ತೊಟ್ಟಿಲ ಕುರಿ ಬೇರೆ ಮಾಡಿಕೊಡಿ, ಆಮೇಲೆ ಹಿಂಡು ಬಿಡಿ ಎಂದೆ. ಅಪ್ಪ ದೊಡ್ಡಪ್ಪನ ಮುಖ ನೋಡಿದ. ದಾರಿಯಲ್ಲಿ ಹೋಗುತ್ತಿದ್ದ ಇಬ್ಬರು ಮೂವರು ನಿಂತರು. ದೊಡ್ಡಪ್ಪ ಕೋಲಿಗೆ ಗದ್ದ ಊರಿ, ಹಾಗೆಲ್ಲ ಯಾರೂ ಬೇರೆ ಮಾಡಿದ್ದಿಲ್ಲ, ಅದೊಂದು ಶಾಸ್ತ್ರ ಎಂದ. ಕಟ್ಟೆಯ ಮೇಲೆ ಕುಳಿತಿದ್ದ ಆಯಿ ಕದಿರಿನಿಂದ ಕಣ್ಣೆತ್ತಲಿಲ್ಲ, ಆದರೆ ಎಲ್ಲರಿಗೂ ಕೇಳುವಂತೆ, ಶಾಸ್ತ್ರ ಮಾಡಿದವಳು ನಾನು, ಸುಳ್ಳು ಶಾಸ್ತ್ರ ಮಾಡಿಲ್ಲ ಎಂದಳು. ದೊಡ್ಡಪ್ಪನ ಮುಖ ಬಿಗಿಯಿತು. ಕುರಿಗಳಿಗೆಲ್ಲ ಮನೆಯ ಒಂದೇ ಕಿವಿಗುರುತು. ಯಾವುದು ಯಾರದು ಎಂದು ಮೈಮೇಲೆ ಬರೆದಿರಲಿಲ್ಲ.

“ನಿನ್ನವು ಯಾವು ನೀನ ಹಿಡದು ಹೊರಗ ಹಾಕು,” ಎಂದ. “ಒಂದು ತಪ್ಪಿದ್ರ ಎಲ್ಲಾ ಬಿಟ್ಟು ಒಳಗ ಹೋಗಬೇಕು. ಆಮ್ಯಾಲ ಬಾಯಿ ತಗಿಯಂಗಿಲ್ಲ.”

ಒಪ್ಪಿದೆ. ಲಂಗವನ್ನು ಎತ್ತಿ ಕಟ್ಟಿಕೊಂಡು ಹಿಂಡಿನೊಳಗೆ ಹೋದೆ. ಮೊದಲು ಮೋಟಿಯ ಉಳಿದ ಹೆಣ್ಣುಮಕ್ಕಳಲ್ಲಿ ಹಿರಿಯದು, ಎಡಗಣ್ಣಿನ ಮೇಲೆ ಗಾಯದ ಗುರುತಿದ್ದ ಕರಿ ಕುರಿ. ಅದನ್ನು ಹುಟ್ಟಿದ ದಿನ ನಾನೇ ಒರೆಸಿದ್ದೆ. ಹಿಂಗಾಲು ಹಿಡಿದು ಬಾಯಿಗೆ ತಂದು ಬಿಟ್ಟೆ. ಆಮೇಲೆ ಅದರ ಹೆಣ್ಣುಮಕ್ಕಳು: ಒಂದಕ್ಕೆ ತಾಯಿಯ ಹಾಗೆಯೇ ಗೊಗ್ಗರು ದನಿ, ಇನ್ನೊಂದು ಬುಟ್ಟಿಯ ಕೆಳಗೆ ಎಂದೂ ನಿಲ್ಲದೆ ತಲೆಯಿಂದ ಎತ್ತಿ ಓಡಿಬಿಡುತ್ತಿದ್ದ ಕೆಂದಿ. ಮೋಟಿಯ ಅವಳಿಗಳಲ್ಲಿ ಉಳಿದದ್ದು, ಅದರ ಮಗಳು, ಆ ಮಗಳ ಹೋದ ಚಳಿಗಾಲದ ಮರಿ. ಹಿಡಿಯುವುದು, ಎಳೆಯುವುದು, ಬಿಡುವುದು. ಹಿಡಿದಾಗಲೆಲ್ಲ ದೊಡ್ಡಪ್ಪನ ಮುಖ ನೋಡುತ್ತಿದ್ದೆ. ಅವನು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಧೂಳಿಗೆ ಗಂಟಲು ಒಣಗಿತು. ಒಂದು ಕಡೆ ಕೈ ತಡೆಯಿತು. ಮೋಟು ಕಿವಿಯ ಒಂದು ಹೆಣ್ಣು ಕುರಿ. ನೋಡಿದರೆ ಥೇಟು ಮೋಟಿ. ಯಾರಾದರೂ ಅದನ್ನೇ ಮೊದಲು ಹಿಡಿಯುತ್ತಿದ್ದರು. ಆದರೆ ಅದು ಆ ಪೈಕಿಯದಲ್ಲ, ಯಲಬುರ್ಗಾದ ಸಂತೆಯಿಂದ ಅಪ್ಪ ತಂದ ಕುರಿಯ ಮಗಳು. ಅದನ್ನು ಬಿಟ್ಟು ಮುಂದೆ ಹೋದೆ. ಆಗ ದೊಡ್ಡಪ್ಪನ ಹುಬ್ಬು ಒಂದಿಷ್ಟು ಸರಿದದ್ದು ಕಂಡಿತು. ಎಲ್ಲ ತಂದು ಬೇಲಿಯ ಆಚೆ ನಿಲ್ಲಿಸಿ, ಮುಗಿಯಿತು ಎಂದೆ.

“ಇಷ್ಟನಾ?”

“ಇಷ್ಟ.”

“ತಪ್ಪೀದಿ,” ಎಂದ.

ನನ್ನ ಕಾಲ ಕೆಳಗಿನ ಹಿಕ್ಕೆಯನ್ನು ನೋಡುತ್ತ ನಿಂತೆ. ದಾರಿಯಲ್ಲಿ ನಿಂತವರಲ್ಲಿ ಒಬ್ಬ ನಕ್ಕ. ಮತ್ತೊಮ್ಮೆ ಒಂದೊಂದಾಗಿ ನೆನೆದೆ, ತಪ್ಪಿದ್ದು ಕಾಣಲಿಲ್ಲ. ಒಳಗೆ ಹೋಗುವುದಿಲ್ಲ, ಇಲ್ಲೇ ಬೇಲಿಗೆ ಒರಗಿ ಕೂಡುತ್ತೇನೆ, ಎತ್ತಿಕೊಂಡು ಹೋಗಲಿ ಎಂದು ಹಲ್ಲು ಕಚ್ಚಿದೆ. ಅಷ್ಟರಲ್ಲಿ ದೊಡ್ಡಪ್ಪ ಕೋಲನ್ನು ಅಪ್ಪನ ಕೈಗೆ ಕೊಟ್ಟು ಹಿಂಡಿನೊಳಗೆ ಇಳಿದ. ನಡುವಿನಿಂದ ಒಂದು ಎಳೆಯ ಕುರಿಯನ್ನು ಹಿಡಿದು, ಎದೆಗೆ ಎತ್ತಿಕೊಂಡು ಬಂದು, ಬೇಲಿಯ ಆಚೆ ನನ್ನ ಕುರಿಗಳ ನಡುವೆ ಇಳಿಸಿದ.

“ಒಂದು ಬಿಟ್ಟೀದಿ. ಇದರವ್ವ ನಿನ್ನ ಕೆಂದಿ. ಹ್ವಾದ ವರ್ಷ ಕನಕಗಿರಿ ದಾಟಿದ ಮ್ಯಾಲ ದಾರ್ಯಾಗ ಈದಿತ್ತು. ಮನಿಗೆ ಬರೂದ್ರಾಗ ಮರಿ ಹಾಲು ಬಿಟ್ಟಿತ್ತು. ನೀ ನೋಡಿಲ್ಲ, ನಿನಗ ಹೆಂಗ ಗೊತ್ತಾಗಬೇಕು.”

ಅಷ್ಟು ಹೇಳಿ ಕೋಲು ತೆಗೆದುಕೊಂಡು, ಉಳಿದ ಹಿಂಡನ್ನು ಹೊಡೆದುಕೊಂಡು ಹೊರಟುಹೋದ. ಆ ದಿನದ ನಂತರ ದೀಪಾವಳಿಯವರೆಗೆ ಅವನು ನನ್ನ ಜೊತೆ ಮಾತಾಡಲಿಲ್ಲ. ಆ ಮರಿಯನ್ನು ಅವನು ಸುಮ್ಮನೆ ಬಿಟ್ಟಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವನ ಮೇಲೆ ನನಗೆ ಎಷ್ಟೇ ಸಿಟ್ಟಿದ್ದರೂ ಈ ಒಂದು ಮಾತನ್ನು ಬರೆಯದೆ ಬಿಡಲಾರೆ.

ಹಿತ್ತಿಲಲ್ಲಿ ನನ್ನ ಕುರಿಗಳಿಗೆ ಬೇರೆ ಬೇಲಿ ಹಾಕತೊಡಗಿದೆ. ಜಾಲಿಮುಳ್ಳನ್ನು ಒಬ್ಬರೇ ಎಳೆಯುವುದು ಸುಲಭವಲ್ಲ. ಮಧ್ಯಾಹ್ನದ ಹೊತ್ತಿಗೆ ಕೈಯೆಲ್ಲ ಗೀರು. ಅವ್ವ ಹಿತ್ತಿಲ ಬಾಗಿಲಲ್ಲಿ ನಿಂತು ನನ್ನನ್ನು, ನಾನು ಹುಟ್ಟಿದ ಗಳಿಗೆಯನ್ನು, ನನ್ನ ಆಯಿಯನ್ನು ಬೈದಳು. ಬೈಯುತ್ತಲೇ ಬಂದು ಟೊಂಗೆಯ ಇನ್ನೊಂದು ತುದಿ ಹಿಡಿದಳು. ಸಂಜೆಯವರೆಗೂ ಬೈದಳು, ಸಂಜೆಯವರೆಗೂ ಮುಳ್ಳು ಎಳೆದಳು. ಯುಗಾದಿಗೆ ಇನ್ನೂ ನಾಲ್ಕಾರು ದಿನ ಇರುವಾಗ ಅಪ್ಪ ನನ್ನ ಹತ್ತಿರ ಬಂದು, ಅಕ್ಕನವು ಯಾವುವು ತೋರಿಸು ಎಂದು ಮೆಲ್ಲಗೆ ಕೇಳಿದ. ತೋರಿಸಿದೆ. ಅವನ್ನು ಹೊಡೆದುಕೊಂಡು ಅವನೊಬ್ಬನೇ ನಡೆದು ಶ್ರೀರಾಮನಗರದ ಕಡೆ ಹೋಗಿ ಮಗಳ ಬಾಗಿಲಲ್ಲಿ ಬಿಟ್ಟು ಬಂದ. ಅಕ್ಕ ಒಂದನ್ನೂ ಇಟ್ಟುಕೊಳ್ಳದೆ ಎಲ್ಲ ಮಾರಿ ಹೊಲಿಗೆ ಯಂತ್ರ ಕೊಂಡಳು. ಅಪ್ಪ ನೊಂದುಕೊಂಡ. ನಾನು ನೊಂದುಕೊಳ್ಳಲಿಲ್ಲ. ತನ್ನದು ಎಂದ ಮೇಲೆ ಮಾರುವುದೂ ಅವಳಿಗೆ ಬಿಟ್ಟದ್ದು.

ಸಿದ್ದಾಪುರದ ಸಂಬಂಧ ಮುರಿಯಿತು. ಗದ್ದೆಯೂ ಹೋಯಿತು. ಅದಕ್ಕೆ ನಾನೇ ಕಾರಣ ಎಂದು ಓಣಿಯಲ್ಲಿ ಎಲ್ಲರೂ ಹೇಳಿದರು. ಹೌದು, ನಾನೇ ಕಾರಣ. ಆ ಬೇಸಿಗೆಯಲ್ಲಿ ಗಣಿತವನ್ನು ಮತ್ತೊಮ್ಮೆ ಬರೆದೆ, ಮತ್ತೊಮ್ಮೆ ನಪಾಸಾದೆ. ಗಣಿತ ನನಗೆ ಒಲಿಯಲಿಲ್ಲ, ಆಮೇಲೆ ನಾನೂ ಅದರ ಬಾಗಿಲಿಗೆ ಹೋಗಲಿಲ್ಲ. ತಿಪ್ಪೆಗೆ ಬಸ್ಸಿನ ಹೊತ್ತಿಗೇ ಹೋಗತೊಡಗಿದೆ. ಅದೇ ಬುಟ್ಟಿ, ಅದೇ ತಿಪ್ಪೆ. ಕೆಲಸ ಒಂದಿಷ್ಟೂ ಹಗುರವಾಗಲಿಲ್ಲ. ಆದರೆ ಬುಟ್ಟಿಯಲ್ಲಿದ್ದ ಹಿಕ್ಕೆ ನನ್ನ ಕುರಿಯದು, ಆ ಗೊಬ್ಬರ ಯಾರ ಹೊಲಕ್ಕೆ ಹೋಗಬೇಕು ಎಂದು ಹೇಳುವವಳು ನಾನು. ಹೂತುಹೋದವಳಿಗೂ ಬೇರು ಬಿಟ್ಟವಳಿಗೂ ಇರುವ ವ್ಯತ್ಯಾಸ ಹೊರಗಿನಿಂದ ನೋಡುವವರಿಗೆ ಕಾಣುವುದಿಲ್ಲ. ಈಗಲೂ ಯಾರಾದರೂ, ಪಾಪ, ನೀವು ಎಲ್ಲಿಗೂ ಹೋಗಲಿಲ್ಲವಲ್ಲ ಎಂದರೆ, ಪಾಪ ಎನ್ನುವುದನ್ನು ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ ಎನ್ನುತ್ತೇನೆ.

ಆ ವರ್ಷದ ದೀಪಾವಳಿಯ ಮರುದಿನ ಗಂಡಸರು ಹೊರಡುವ ತಯಾರಿ ನಡೆಸಿದ್ದರು. ಹಳೆಯ ಗದ್ದೆ ಇಲ್ಲವಾದ್ದರಿಂದ ಸಿದ್ದಾಪುರ ದಾಟಿ ಇನ್ನೂ ಮುಂದೆ ಹೋಗಬೇಕಿತ್ತು. ದಾರಿ ಉದ್ದ, ಅಪ್ಪನಿಗೆ ಮೊಣಕಾಲು ನೋವು. ನಾನು ಹಿತ್ತಿಲಲ್ಲಿ ಮರಿ ಬಿಡುತ್ತಿದ್ದೆ. ಬೇಲಿಯ ಆಚೆ ದೊಡ್ಡಪ್ಪ ಬಂದು ನಿಂತ. ಕುರಿಗಳನ್ನು ಒಂದೊಂದಾಗಿ ನೋಡಿದ. ಇಷ್ಟು ತಿಂಗಳಾದ ಮೇಲೆ ಅವನ ದನಿ ಕೇಳಿ ನನಗೆ ಬೆರಗಾಯಿತು.

“ಮೈ ಹಿಡದಾವು,” ಎಂದ. ಸ್ವಲ್ಪ ಹೊತ್ತು ಬಿಟ್ಟು, “ನಮ್ಮ ಹಿಂದ ಬರ್ತೀಯೇನು?”

“ಬರ್ತೀನಿ. ಹಿಂದ ಅಲ್ಲ, ಜೋಡೀಲೆ.”

ಹೊರಡುವ ದಿನ ದೊಡ್ಡಪ್ಪ ತನ್ನದೇ ಹಳೆಯ ಕಂಬಳಿಯೊಂದನ್ನು ನನ್ನ ಗಂಟಿನ ಮೇಲೆ ಇಟ್ಟಿದ್ದ.

ನಮ್ಮ ಮನೆಯಿಂದ ಹಿಂಡಿನ ಜೊತೆ ನಡೆದ ಮೊದಲ ಹೆಣ್ಣುಮಗಳು ನಾನು. ಕನಕಗಿರಿ ದಾಟಿ, ಗಂಗಾವತಿ ದಾಟಿ ನಡೆದೆವು. ಹುಟ್ಟಿದಾಗಿನಿಂದ ಕೇಳುತ್ತ ಬಂದಿದ್ದ ಕಾಲುವೆಯನ್ನು ಕಣ್ಣಾರೆ ಕಂಡೆ. ಕುರಿಗಳು ಸೇತುವೆಯ ಮೇಲೆ ಹೆಜ್ಜೆ ಇಡಲು ಹೆದರಿ ಗುಂಪುಗಟ್ಟಿ ನಿಂತವು. ನಾನು ಕೆಂದಿಯನ್ನು ಕೊರಳಪಟ್ಟಿ ಹಿಡಿದು ಮುಂದೆ ಎಳೆದೆ, ಅದರ ಹಿಂದೆ ನನ್ನವೆಲ್ಲ ಬಂದವು, ನನ್ನವುಗಳ ಹಿಂದೆ ಹಿಂಡೆಲ್ಲ ಬಂತು. ಸಿದ್ದಾಪುರದ ನಡುವೆ ಹಾದುಹೋಗುವಾಗ ಬಿಸಿಲು ಏರಿತ್ತು. ಅಂಗಡಿಗಳ ಮುಂದೆ ಕುಳಿತ ಜನ ಹಿಂಡನ್ನೂ ಹಿಂಡಿನ ಜೊತೆಗಿದ್ದ ಹೆಣ್ಣನ್ನೂ ನೋಡಿದರು. ರಸ್ತೆಯ ಎರಡೂ ಬದಿಗೆ ಮನೆಗಳಿದ್ದವು, ಅಂಗಳದಲ್ಲಿ ಭತ್ತ ಹರವಿದ್ದರು. ಅವುಗಳಲ್ಲಿ ಯಾವುದು ಆ ಹುಡುಗನ ಮನೆ ಎಂದು ದೊಡ್ಡಪ್ಪ ತೋರಿಸಲಿಲ್ಲ. ನಾನು ಕೇಳಲಿಲ್ಲ. ಕುರಿ ಭತ್ತಕ್ಕೆ ಬಾಯಿ ಹಾಕದಂತೆ ನೋಡಿಕೊಳ್ಳುತ್ತ ನಾವಿಬ್ಬರೂ ಎರಡು ಬದಿಯಲ್ಲಿ, ಅಪ್ಪ ಹಿಂಡಿನ ಹಿಂದೆ ನಡೆದು ಊರು ದಾಟಿದೆವು.